ತುಕ್ಕು ಹಿಡಿದ ಟೊಪ್ಪಿಗೆಯೂ ಒಂದು ಶಾಸನ

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಮಳೆಗಾಲವನ್ನು ಕಂಡವರಿಗೆ ಗೊತ್ತು: ದಿನಗಟ್ಟಲೆ ಬಿಸಿಲು ಕಾಣದ ಕಾಫಿ ತೋಟದ ಮನೆಗಳಲ್ಲಿ ಮೊದಲು ಬೂಷ್ಟು ಹಿಡಿಯುವುದು ಚರ್ಮಕ್ಕೆ. ಚಪ್ಪಲಿ, ಬೆಲ್ಟು, ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಯಾವುದೂ ಇದಕ್ಕೆ ಹೊರತಲ್ಲ. ಹೀಗಿರುವಾಗ ನೂರು ವರ್ಷಕ್ಕೂ ಹಿಂದಿನ ಚರ್ಮದ ಟೊಪ್ಪಿಗೆಯೊಂದನ್ನು ಕೆಡದಂತೆ ಕಾಪಾಡುವುದು ಹೇಗೆ? ಜರ್ಮನ್ ಸೈನಿಕರ ಹಳೆಯ ಶಿರಸ್ತ್ರಾಣಗಳನ್ನು ಸಂಗ್ರಹಿಸುವ ಯೂರೋಪ್, ಅಮೆರಿಕದ ಹವ್ಯಾಸಿಗಳು ಬಹುಕಾಲದಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು. ಅವರು ಕಂಡುಕೊಂಡ ಉತ್ತರ ನಮಗೂ ಬೇಕಾದದ್ದೇ.

ಈ ಶಿರಸ್ತ್ರಾಣಗಳಲ್ಲಿ ಎರಡು ಬಗೆಯವು ಜಗತ್ಪ್ರಸಿದ್ಧ. ಮೊದಲನೆಯದು ನೆತ್ತಿಯ ಮೇಲೆ ಚೂಪಾದ ಮೊನೆಯಿರುವ ಪಿಕೆಲ್‌ಹೌಬೆ. ಪ್ರಷ್ಯದ ದೊರೆ ನಾಲ್ಕನೆಯ ಫ್ರೀಡ್ರಿಖ್ ವಿಲ್ಹೆಲ್ಮ್ 1842ರಲ್ಲಿ ಇದನ್ನು ತನ್ನ ಸೈನ್ಯಕ್ಕೆ ತಂದ. ಗಟ್ಟಿಗೊಳಿಸಿದ ಚರ್ಮಕ್ಕೆ ಕಪ್ಪು ಮೆರುಗು, ಹಣೆಯ ಮೇಲೆ ಹಿತ್ತಾಳೆಯ ಹದ್ದು. ಫಿರಂಗಿ ದಳದವರಿಗೆ ಮಾತ್ರ ಮೊನೆಯ ಬದಲು ಗುಂಡು. ನೋಡಲು ಠೀವಿಯೇನೋ ಇತ್ತು. ಆದರೆ 1914ರಲ್ಲಿ ಮಹಾಯುದ್ಧ ಆರಂಭವಾದಾಗ ಸಿಡಿದ ಶೆಲ್ಲುಗಳ ಚೂರುಗಳ ಎದುರು ಚರ್ಮ ನಿಲ್ಲಲಿಲ್ಲ. ಚರ್ಮದ ಕೊರತೆಯೂ ಬಂದು ಉಣ್ಣೆಯ ಫೆಲ್ಟ್, ತಗಡುಗಳಲ್ಲಿ ಟೊಪ್ಪಿಗೆ ಮಾಡಬೇಕಾಯಿತು.

ಆಗ ಹುಟ್ಟಿದ್ದು ಎರಡನೆಯದು, ಸ್ಟಾಲ್‌ಹೆಲ್ಮ್, ಅಂದರೆ ಉಕ್ಕಿನ ಶಿರಸ್ತ್ರಾಣ. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಖ್ ಶ್ವೆರ್ಡ್ ಇದರ ವಿನ್ಯಾಸಕಾರ. 1916ರ ವರ್ದೂನ್ ಕದನದಲ್ಲಿ ಇದು ಬಳಕೆಗೆ ಬಂತು. ಕಿವಿ, ಕತ್ತುಗಳನ್ನೂ ಮುಚ್ಚುವ ಇಳಿಜಾರು ಅಂಚು, ಒಳಗೆ ಕುದುರೆ ಕೂದಲು ತುಂಬಿದ ಮೂರು ಚರ್ಮದ ಮೆತ್ತೆ, ಎರಡೂ ಬದಿಗೆ ಗಾಳಿಯಾಡುವ ಕೊಂಬಿನಂಥ ಗುಬುಟು ಇದರ ಗುರುತು. 1918ರಲ್ಲಿ ಇದಕ್ಕೆ ಹಸಿರು, ಕಂದು ಮುಂತಾದ ಬಣ್ಣಗಳ ಪಟ್ಟೆ ಬಳಿದು ನಡುವೆ ಕಪ್ಪು ಗೆರೆ ಎಳೆಯಲು ಆಜ್ಞೆಯಾಯಿತು.

ಯುದ್ಧ ಮುಗಿದದ್ದೇ ಇವು ವಿಜಯದ ಕುರುಹಾದವು. 1919ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಬಳಿ ಸುಮಾರು 12,000 ಜರ್ಮನ್ ಶಿರಸ್ತ್ರಾಣಗಳ ಪಿರಮಿಡ್ಡನ್ನೇ ಕಟ್ಟಿ, ಯುದ್ಧ ಸಾಲಕ್ಕೆ ಹಣ ಕೂಡಿಸಲಾಯಿತು. ಸಂಗ್ರಹದ ಹವ್ಯಾಸ ಬೆಳೆದಂತೆ ಬೆಲೆ ಏರಿತು, ನಕಲಿಯೂ ಹುಟ್ಟಿತು. ಹೊಸ ತಗಡಿಗೆ ಆಮ್ಲ ಹಚ್ಚಿ ತುಕ್ಕು ಬರಿಸುವವರಿದ್ದಾರೆ. ಎರಡನೆಯ ಮಹಾಯುದ್ಧದ ಶಿರಸ್ತ್ರಾಣಗಳಿಗೆ ನಾಜಿ ಚಿಹ್ನೆ ಅಂಟಿಸಿ ಬೆಲೆ ಹೆಚ್ಚಿಸುವವರೂ ಇದ್ದಾರೆ. ಆ ಚಿಹ್ನೆಯ ಸಾರ್ವಜನಿಕ ಪ್ರದರ್ಶನಕ್ಕೆ ಜರ್ಮನಿಯಲ್ಲೇ ನಿಷೇಧವಿದೆ. ಶಿಕ್ಷಣ, ಸಂಶೋಧನೆಗಳಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಲಕ್ಷಾಂತರ ಜನರ ಕೊಲೆಗೆ ನಿಂತ ಗುರುತನ್ನು ಅಲಂಕಾರವಾಗಿ ಗೋಡೆಗೆ ತೂಗುಹಾಕುವುದು ಸಂಗ್ರಹವೂ ಅಲ್ಲ, ಇತಿಹಾಸವೂ ಅಲ್ಲ.

ಓದುವುದು ಹೇಗೆ?

ನಿಜವಾದ ಸಂಗ್ರಾಹಕ ಮೊದಲು ನೋಡುವುದು ಒಳಭಾಗವನ್ನು. ಉಕ್ಕಿನ ಶಿರಸ್ತ್ರಾಣದ ಒಳ ಅಂಚಿನಲ್ಲಿ ತಯಾರಕರ ಗುರುತೂ ಅಳತೆಯೂ ಒತ್ತಿರುತ್ತವೆ. ‘ಇಟಿ 64’ ಎಂದಿದ್ದರೆ ಥಾಲೆ ಊರಿನ ಕಾರ್ಖಾನೆಯದು, ಅಳತೆ 64 ಎಂದರ್ಥ. ಚರ್ಮದ ಟೊಪ್ಪಿಗೆಗಳಲ್ಲಿ ಹಲವಕ್ಕೆ ರೆಜಿಮೆಂಟಿನ ಮುದ್ರೆಯುಂಟು, ಕೆಲವಕ್ಕೆ ತೊಟ್ಟವನ ಹೆಸರೂ ಉಂಟು. ಮರಳು ಕಾಗದದಿಂದ ಉಜ್ಜಿ ಹೊಸ ಬಣ್ಣ ಬಳಿದರೆ ಅಳಿಸಿಹೋಗುವುದು ಇದೇ.

ಆದ್ದರಿಂದಲೇ ಬಲ್ಲವರು ‘ಹೊಸದರಂತೆ ಮಾಡುವುದು’ ಬೇಡ, ‘ಇದ್ದಂತೆ ಉಳಿಸುವುದು’ ಸಾಕು ಎನ್ನುತ್ತಾರೆ. ಚರ್ಮಕ್ಕೆ ಎಣ್ಣೆ, ಬೂಟು ಪಾಲಿಶ್ ಹಚ್ಚುವುದಿಲ್ಲ. ಬಿಸಿಲಿಗಿಟ್ಟರೆ ಮುದುರಿ ಸೀಳುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಆಕಾರ ಕೆಡದಂತೆ ಒಳಗೆ ಆಮ್ಲರಹಿತ ಕಾಗದ ತುಂಬುತ್ತಾರೆ. ಹಿತ್ತಾಳೆಯ ಕಿಲುಬನ್ನು ಮೆದು ಮರದ ಕಡ್ಡಿಯಿಂದ ಮೆಲ್ಲಗೆ ಕೆರೆಯುತ್ತಾರೆ. ಹುಣಸೆಹಣ್ಣು, ನಿಂಬೆಹುಳಿ ಸೋಕಿಸುವಂತಿಲ್ಲ. ಉಕ್ಕಿನ ಮೇಲೆ ತೆಳುವಾಗಿ ಮೇಣ. ಕಳೆದುಹೋದ ಭಾಗಕ್ಕೆ ಬದಲಿ ಜೋಡಿಸಿದರೂ ಅದು ಬಿಚ್ಚುವಂತಿರಬೇಕು, ಹೊಸದೆಂದು ಬರೆದಿಟ್ಟಿರಬೇಕು. ಹಳೇಬೀಡಿನ ಶಿಲ್ಪದ ಮುರಿದ ಮೂಗಿಗೆ ಸಿಮೆಂಟು ಮೆತ್ತಿದರೆ ನಾವು ಒಪ್ಪುತ್ತೇವೆಯೇ? ಇಲ್ಲಿಯೂ ನ್ಯಾಯ ಅದೇ.

ನಮ್ಮ ಅಟ್ಟದ ಮೇಲೆ

ಜರ್ಮನರ ಟೊಪ್ಪಿಗೆಯ ಗೊಡವೆ ನಮಗೇಕೆ ಎನ್ನಬಹುದು. ಹಾಸನ ಜಿಲ್ಲೆಯನ್ನು ಒಳಗೊಂಡಿದ್ದ ಅಂದಿನ ಮೈಸೂರು ಸಂಸ್ಥಾನವೂ ಆ ಯುದ್ಧದಲ್ಲಿತ್ತು. 1914ರಲ್ಲಿ ಈಜಿಪ್ಟಿಗೆ ಹೋದ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಗೆದ್ದಿತು. ಅಂದು ಸೆರೆಸಿಕ್ಕ 1,350 ಮಂದಿಯಲ್ಲಿ ತುರ್ಕರ ಜೊತೆ ಜರ್ಮನರೂ ಇದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಸ್ಮಾರಕ, ದೆಹಲಿಯ ತೀನ್‌ಮೂರ್ತಿಯ ಪ್ರತಿಮೆಗಳು ಇದಕ್ಕೆ ಸಾಕ್ಷಿ.

ಆದರೆ ಕಲ್ಲಿನ ಸ್ಮಾರಕದಷ್ಟೇ ಮುಖ್ಯವಾದವು ಮನೆಗಳಲ್ಲಿ ಉಳಿದಿರಬಹುದಾದ ಸಣ್ಣ ವಸ್ತುಗಳು. ಆ ಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಬೆಳ್ಳಿ ಪದಕದ ಅಂಚಿನಲ್ಲಿ ಪಡೆದವನ ಹೆಸರು, ದರ್ಜೆ, ದಳ ಎಲ್ಲವೂ ಕೆತ್ತಿರುತ್ತವೆ. ಅದನ್ನು ಕರಗಿಸಿದರೆ ಸಿಗುವುದು ಒಂದಿಷ್ಟು ಬೆಳ್ಳಿ. ಹೋಗುವುದು ಒಬ್ಬ ಮನುಷ್ಯನ ದಾಖಲೆ. ಗುಜರಿಗೆ ಹಾಕಿದ ಬೆಲ್ಟಿನ ಬಿಲ್ಲೆಯದೂ ಅದೇ ಕಥೆ. 1972ರ ಪ್ರಾಚ್ಯವಸ್ತು ಕಾಯ್ದೆಯು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಮನೆಯವರೇ ಉಜ್ಜಿ ಅಳಿಸುವುದನ್ನು ತಡೆಯುವ ಕಾಯ್ದೆ ಮನೆಯೊಳಗೆ ಬರಲಾರದು.

ಮುಂದಿನ ಮಳೆಗಾಲಕ್ಕೆ ಮುಂಚೆ ಅಟ್ಟ ಹತ್ತಿ ಅಜ್ಜನ ಪೆಟ್ಟಿಗೆ ತೆಗೆದು ನೋಡುವುದು ಒಳ್ಳೆಯದು. ಏನಾದರೂ ಸಿಕ್ಕರೆ ತೊಳೆಯುವ ಮೊದಲು ಓದಬೇಕು. ಯಾರದು, ಎಲ್ಲಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ತುಕ್ಕನ್ನು ಇನ್ನೊಂದು ದಿನ ತೆಗೆಯಬಹುದು. ಅಳಿಸಿಹೋದ ಹೆಸರನ್ನು ಮತ್ತೆ ಬರೆಯಲಾಗದು.