ಬಾಗಿಲ ತೂತಿನ ಗ್ರಹಣ

1980ರ ಫೆಬ್ರವರಿ 16, ಶನಿವಾರ. ನಾವಾಗ ರಾಯಚೂರಿನಲ್ಲಿದ್ದೆವು. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಮಧ್ಯಾಹ್ನಕ್ಕೇ ಬೀದಿ ಬಿಕೋ ಎನ್ನುತ್ತಿತ್ತು. ಅತ್ತೆಯವರು ಉಪ್ಪಿನಕಾಯಿ ಭರಣಿಯಿಂದ ಹಿಡಿದು ನೀರಿನ ಹಂಡೆಯವರೆಗೆ ಎಲ್ಲದರ ಮೇಲೂ ದರ್ಭೆ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ನಮ್ಮನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ಅಗುಳಿ ಹಾಕಿದರು. ಕತ್ತಲಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸುವುದೆಂದರೇನೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಆ ಪಡುವಣ ಬಾಗಿಲಲ್ಲಿ ಮೊಳೆ ಕಿತ್ತ ತೂತೊಂದಿತ್ತು. ಸಂಜೆಯ ಕಡೆಗೆ ಅದರಿಂದ ರೂಪಾಯಿಯಗಲದ ಬಿಸಿಲು ನೆಲದ ಮೇಲೆ ಬೀಳುತ್ತಿತ್ತು. ಅಂದು ಆ ರೂಪಾಯಿಯ ಒಂದು ಅಂಚು ಇರಲಿಲ್ಲ.

“ಅಮ್ಮಾ, ಸೂರ್ಯನ್ನ ಯಾರೋ ಕಡಿದಾರ!” ಎಂದಳು ಮಗಳು.

ಮಗ ಕಾಪಿ ಪುಸ್ತಕವನ್ನು ಬಿಸಿಲಿಗೆ ಒಡ್ಡಿ ಪೆನ್ಸಿಲಿನಿಂದ ಅಂಚು ತಿದ್ದತೊಡಗಿದ. ಪುಟಕ್ಕೊಂದು ಸೂರ್ಯ: ಕಚ್ಚಿದ ರೊಟ್ಟಿ, ಕುಡುಗೋಲು, ಉಗುರು. ಅತ್ತೆಯವರ ಜಪ ನಿಲ್ಲಲಿಲ್ಲ, ಆದರೆ ಕಣ್ಣು ನೆಲದ ಮೇಲೆಯೇ ಇತ್ತು. ಮೂರೂಮುಕ್ಕಾಲರ ಸುಮಾರಿಗೆ ಬೆಳಕು ಆರಿತು. ಹೊರಗೆ ಕಾಗೆಗಳು ಗೂಡಿಗೆ ಹೊರಟ ಗದ್ದಲ. ನನ್ನ ಕೈ ಅಗುಳಿಯ ಮೇಲಿತ್ತು.

“ಬ್ಯಾಡವ್ವಾ, ಕೂಸುಗಳ ಕಣ್ಣು” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ತುಸು ಸೂರ್ಯ ಉಳಿದಿದ್ದರೂ ಬರಿಗಣ್ಣಿಗೆ ಅಪಾಯವೇ. ಪೂರ್ತಿ ಮುಚ್ಚಿದ ಆ ಎರಡು ಚಿಲ್ಲರೆ ನಿಮಿಷ ಮಾತ್ರ ನೋಡಬಹುದು. ಅದು ನನಗಾಗ ತಿಳಿದಿರಲಿಲ್ಲ. ಕೈ ತೆಗೆದೆ.

ಅದೇ ಗಳಿಗೆಯಲ್ಲಿ ನಮ್ಮದೇ ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯವರು ದೂರದರ್ಶಕ ಹೂಡಿ ನಿಂತಿದ್ದರಂತೆ. ಇನ್ನೂ ಹಿಂದೆ, 1868ರ ಆಗಸ್ಟ್ 18ರಂದು, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದ್ದ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಸೂರ್ಯನ ಅಂಚಿನ ಕೆಂಪು ಜ್ವಾಲೆಗಳ ಬೆಳಕನ್ನು ಅವನು ಸಣ್ಣ ಸೀಳಿನಿಂದ ಹಾಯಿಸಿ ನೋಡಿದಾಗ ಬಿಡಿಬಿಡಿ ಹೊಳೆವ ಗೆರೆಗಳು ಕಂಡವು. ಆ ಜ್ವಾಲೆಗಳು ಉರಿಬಿಸಿ ಅನಿಲ ಎಂದು ಅದರಿಂದ ತಿಳಿಯಿತು. ಗುಂಟೂರಿನಲ್ಲಿ ಫ್ರೆಂಚರ ಜಾನ್ಸನ್ ಕಂಡದ್ದೂ ಅದನ್ನೇ. ಆ ಗೆರೆಗಳಲ್ಲೊಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದದೆ ಹೀಲಿಯಂ ಎಂಬ ಹೆಸರು ಪಡೆಯಿತು. ಭೂಮಿಯ ಮೇಲೆ ಅದು ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ. ಅವರಿಗೂ ಬೇಕಾದದ್ದು ಒಂದು ಸಣ್ಣ ಸಂದು ಎಂದು ಓದಿದಾಗ ನನಗೆ ನಮ್ಮ ಮೊಳೆಯ ತೂತು ನೆನಪಾಯಿತು.

2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಮಂಗಳೂರಿನಲ್ಲಿ ಮೊಮ್ಮಗಳೊಡನೆ ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳದಲ್ಲೇ ನೋಡಿದೆ. ಆಮೇಲೆ ಅವಳಿಗೆ ಅವಳಪ್ಪನ ಹಳೆಯ ಕಾಪಿ ಪುಸ್ತಕ ತೋರಿಸಿದೆ. ಉಗುರಿನಂಥ ಸೂರ್ಯನ ಮುಂದಿನ ಪುಟ ಖಾಲಿ.

“ಇಲ್ಲಿ ಯಾಕೆ ಏನೂ ಇಲ್ಲ ಅಜ್ಜಿ?”

“ಬಾಗಿಲು ಹಾಕಿತ್ತು ಕಂದಾ” ಎಂದೆ.