ನೀಹಾರಿಕೆಯ ಎರಡು ಪಟಗಳು

ಕೆಲವು ದಿನಗಳ ಹಿಂದೆ ಮಿತ್ರರೊಬ್ಬರು ನನ್ನ ಮೇಜಿನ ಮೇಲೆ ಎರಡು ಪಟಗಳನ್ನು ತಂದಿಟ್ಟರು. ಎರಡೂ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯವೇ. ಒಂದು, ಹಬಲ್ ಎಂಬ ಆಕಾಶ ದೂರದರ್ಶಕ ತೆಗೆದದ್ದು. ಇನ್ನೊಂದು, ಅವರೇ ತಮ್ಮ ಮನೆಯ ಮಹಡಿಯ ಮೇಲೆ ಸಣ್ಣ ದೂರದರ್ಶಕವನ್ನಿಟ್ಟು, ಐದಾರು ರಾತ್ರಿ ನಿದ್ದೆಗೆಟ್ಟು ತೆಗೆದದ್ದು. "ಮೊದಲನೆಯದು ಯಾರಿಗೆ ಬೇಕಾದರೂ ಕಾಸಿಲ್ಲದೆ ಸಿಗುತ್ತದೆ. ಹಾಗಿರುವಾಗ ನನ್ನ ಈ ಒದ್ದಾಟಕ್ಕೆ ಏನರ್ಥ, ಹೇಳಿ ನೋಡೋಣ?" ಎಂದು ಕೇಳಿದರು. ಆಗೇನೋ ನಾಲ್ಕು ಸಮಾಧಾನದ ಮಾತು ಹೇಳಿ ಕಳುಹಿಸಿದೆ. ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿಯಿತು. ಇದಕ್ಕೆ ಉತ್ತರ ಹಳೆಯ ಕಥೆಯಲ್ಲಿ ಸಿಕ್ಕೀತೇ ಎಂದು ಹುಡುಕಹೊರಟೆ. ಕಂಡುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಚಳಿಗಾಲದ ರಾತ್ರಿಗಳಲ್ಲಿ ಮಹಾವ್ಯಾಧನ ನಡುಪಟ್ಟಿಯಂತೆ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ನೋಡದವರು ವಿರಳ. ಆ ಪಟ್ಟಿಯಿಂದ ಕೆಳಗೆ ತೂಗುವ ಕತ್ತಿಯ ನಡುವೆ ಒಂದು ಚುಕ್ಕೆ ಕೊಂಚ ಮಬ್ಬಾಗಿ ಕಾಣುತ್ತದೆ. ಅದೇ ಈ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷಗಳಾಚೆ, ಹೊಸದಾಗಿ ಹುಟ್ಟಿದ ನಕ್ಷತ್ರಗಳ ಪ್ರಖರ ಕಿರಣಗಳಿಂದ ಬೆಳಗುತ್ತಿರುವ ಅನಿಲ ಮತ್ತು ಧೂಳಿನ ಮಹಾರಾಶಿಯದು.

ಛಾಯಾಚಿತ್ರ ಕಲೆ ಬರುವ ಮೊದಲು ಜ್ಯೋತಿಷ್ಶಾಸ್ತ್ರಜ್ಞರು ಇದನ್ನು ಕಣ್ಣಿನಿಂದ ನೋಡಿ ಕೈಯಿಂದ ಬರೆಯುತ್ತಿದ್ದರು. ಜಾನ್ ಹರ್ಷೆಲ್, ಲಾರ್ಡ್ ರಾಸ್, ಅಮೆರಿಕದ ಜಾರ್ಜ್ ಬಾಂಡ್ ಮೊದಲಾದವರು ಈ ಕೆಲಸಕ್ಕೆ ಅಪಾರ ಶ್ರಮಪಟ್ಟರು. ಆದರೆ ಒಬ್ಬರ ಚಿತ್ರ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ನೀಹಾರಿಕೆಯೇ ಬದಲಾಯಿತೋ, ಬರೆದವರ ಕೈ ಬೇರೆಯಾದುದರಿಂದ ಹಾಗಾಯಿತೋ ಎಂಬುದನ್ನು ನಿರ್ಣಯಿಸುವುದು ಕಷ್ಟವಾಯಿತು. ಪಕ್ಷಪಾತವಿಲ್ಲದ ಒಬ್ಬ ಸಾಕ್ಷಿ ಬೇಕಾಗಿತ್ತು.

ಆ ಸಾಕ್ಷಿಯನ್ನು ಒದಗಿಸಿದವನು ಹೆನ್ರಿ ಡ್ರೇಪರ್. ಅವನು ವೈದ್ಯಶಾಸ್ತ್ರ ಓದಿದವನು, ನ್ಯೂಯಾರ್ಕಿನಲ್ಲಿ ಅಧ್ಯಾಪಕನಾಗಿದ್ದವನು. ಆಕಾಶವೀಕ್ಷಣೆ ಅವನ ಸ್ವಂತ ಹವ್ಯಾಸ. ಪತ್ನಿ ಆನಾ ಈ ಕೆಲಸದಲ್ಲಿ ಅವನಿಗೆ ಜೊತೆಯಾಗಿದ್ದಳು. ಹಿಂದಿನ ಒದ್ದೆ ಫಲಕಗಳು ಕೆಲವೇ ನಿಮಿಷಗಳಲ್ಲಿ ಒಣಗಿ ಕೆಡುತ್ತಿದ್ದವು. ಹೊಸದಾಗಿ ಬಂದ ಒಣ ಫಲಕಕ್ಕೆ ಆ ತೊಂದರೆಯಿರಲಿಲ್ಲ. 1880ರ ಸೆಪ್ಟೆಂಬರ್ 30ರಂದು ಡ್ರೇಪರನು ಅಂಥ ಫಲಕವೊಂದನ್ನು 51 ನಿಮಿಷಗಳ ಕಾಲ ಬೆಳಕಿಗೆ ಒಡ್ಡಿದನು. ನೀಹಾರಿಕೆಯೊಂದರ ಮೊಟ್ಟಮೊದಲ ಛಾಯಾಚಿತ್ರ ಹಾಗೆ ಮೂಡಿತು. ಎರಡು ವರ್ಷಗಳಲ್ಲಿ, ನಲವತ್ತೈದರ ಹರೆಯದಲ್ಲಿ, ಅವನು ತೀರಿಕೊಂಡನು.

ಮುಂದಿನ ಹೆಜ್ಜೆಯಿಟ್ಟವನೂ ಹವ್ಯಾಸಿಯೇ. ಆಂಡ್ರೂ ಏನ್ಸ್ಲಿ ಕಾಮನ್ ಎಂಬವನ ಕಸುಬು ನೈರ್ಮಲ್ಯ ವ್ಯವಸ್ಥೆಯ ಇಂಜಿನಿಯರಿಕೆ. ಲಂಡನ್ನಿನ ಬಳಿಯ ಈಲಿಂಗಿನಲ್ಲಿ, ತನ್ನ ಮನೆಯ ತೋಟದಲ್ಲಿ, ಅವನು 36 ಅಂಗುಲ ಅಗಲದ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿಕೊಂಡಿದ್ದನು. 1883ರ ಜನವರಿಯಲ್ಲಿ 37 ನಿಮಿಷಗಳಲ್ಲಿ ಅವನು ತೆಗೆದ ಪಟದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳು ಮೂಡಿದ್ದವು! ಕಣ್ಣು ಎಷ್ಟು ಹೊತ್ತು ನೋಡಿದರೂ ಬೆಳಕನ್ನು ಕೂಡಿಡಲಾರದು. ಫಲಕವಾದರೋ ಹನಿಹನಿಯಾಗಿ ಕೂಡಿಡುತ್ತದೆ. ಮರುವರ್ಷ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯು ಅವನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಆ ದೂರದರ್ಶಕ ಕೈಬದಲಾಗಿ 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೇಧಶಾಲೆಯನ್ನು ಸೇರಿತು. ಜೇಮ್ಸ್ ಕೀಲರನು ಅದರಿಂದಲೇ ನೀಹಾರಿಕೆಗಳ ಪ್ರಸಿದ್ಧ ಪಟಗಳನ್ನು ತೆಗೆದನು. ಮನೆಯಂಗಳದಲ್ಲಿ ಹುಟ್ಟಿದ ವಿದ್ಯೆ ವೇಧಶಾಲೆಗೆ ಹೋದುದು ಹೀಗೆ.

ಇನ್ನು ಹಬಲ್‌ಗೆ ಬರೋಣ. 1990ರ ಏಪ್ರಿಲಿನಲ್ಲಿ ಅದು ಆಕಾಶಕ್ಕೇರಿತು. ಅದರ 2.4 ಮೀಟರ್ ಕನ್ನಡಿಯ ಆಕಾರದಲ್ಲಿ ದೋಷವಿತ್ತು; 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಅದರ ದೃಷ್ಟಿಯನ್ನು ಸರಿಪಡಿಸಿದರು. ನೆಲದ ಮೇಲಿಂದ ನಕ್ಷತ್ರ ನೋಡುವುದೆಂದರೆ ಹರಿಯುವ ಹೊಳೆಯ ತಳದ ಕಲ್ಲನ್ನು ನೋಡಿದಂತೆ. ನಡುವಿನ ಗಾಳಿ ಎಲ್ಲವನ್ನೂ ಕದಡುತ್ತದೆ. ಹಬಲ್ ಆ ಹೊಳೆಯಾಚೆಗೆ ಕುಳಿತಿದೆ. 2006ರಲ್ಲಿ ಪ್ರಕಟವಾದ ಅದರ ಮಹಾವ್ಯಾಧ ಪಟವು ಭೂಮಿಯ ಸುತ್ತ 105 ಪ್ರದಕ್ಷಿಣೆಗಳಲ್ಲಿ ತೆಗೆದ 520 ಪಟಗಳನ್ನು ಜೋಡಿಸಿ ಮಾಡಿದ್ದು. ಅದರಲ್ಲಿ 3,000ಕ್ಕೂ ಹೆಚ್ಚು ನಕ್ಷತ್ರಗಳಿವೆ. ಎಳೆಯ ನಕ್ಷತ್ರಗಳ ಸುತ್ತ, ಮುಂದೆ ಗ್ರಹಗಳಾಗಬಹುದಾದ ಧೂಳಿನ ತಟ್ಟೆಗಳನ್ನೂ ಹಬಲ್ ಇಲ್ಲಿ ಕಂಡಿತು. ಮಹಡಿಯ ಮೇಲಿನ ದೂರದರ್ಶಕಕ್ಕೆ ಇದು ಸಾಧ್ಯವೇ ಇಲ್ಲ. ಈ ಮಾತನ್ನು ಮಿತ್ರರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹಾಗಾದರೆ ಹಬಲ್‌ನ ಪಟವೇ ನಿಜ, ಮಿತ್ರರದು ಅದರ ಮಸುಕು ಪ್ರತಿಯೇ? ಇಲ್ಲಿ ಬಣ್ಣದ ಮಾತು ಬರುತ್ತದೆ. ಸಣ್ಣ ದೂರದರ್ಶಕದಲ್ಲಿ ಇದೇ ನೀಹಾರಿಕೆಯನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಬೂದುಬಣ್ಣದ ಹೊಗೆಯಂಥ ಒಂದು ಮಬ್ಬು ಮಾತ್ರ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು. ಗರುಡ ನೀಹಾರಿಕೆಯ ಕಂಬಗಳನ್ನು ತೋರಿಸುವ, ಹಬಲ್‌ನ 1995ರ ಜಗತ್ಪ್ರಸಿದ್ಧ ಪಟದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ಬಣ್ಣಗಳನ್ನು ಹಂಚಲಾಗಿದೆ. ವಾಸ್ತವದಲ್ಲಿ ಅಲ್ಲಿ ಜಲಜನಕ ಸೂಸುವ ಆ ಬೆಳಕು ಕೆಂಪು! 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕವಂತೂ ಮುಖ್ಯವಾಗಿ ಗ್ರಹಿಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಇದು ಮೋಸವಲ್ಲ, ಭಾಷಾಂತರ. ಇಂದಿನ ಹವ್ಯಾಸಿಗಳೂ ಅವೇ ಬಗೆಯ ಸೋಸುಗಾಜುಗಳನ್ನು ಬಳಸಿ, ನೂರಾರು ಪಟಗಳನ್ನು ಒಂದರ ಮೇಲೊಂದು ಕೂಡಿಸಿ, ಇದೇ ಭಾಷಾಂತರವನ್ನು ಮಾಡುತ್ತಾರೆ.

ಹವ್ಯಾಸಿಗೆ ಇನ್ನೊಂದು ಅನುಕೂಲವಿದೆ. 2006ರ ಪಟಕ್ಕೆ ಬಳಸಿದ ಹಬಲ್‌ನ ಕ್ಯಾಮರಾ ಒಂದು ಸಲಕ್ಕೆ ನೋಡುವುದು ಚಂದ್ರಬಿಂಬದ ಅಗಲದ ಸುಮಾರು ಒಂಬತ್ತರಲ್ಲಿ ಒಂದು ಪಾಲನ್ನು. ಅದರ ಒಂದೊಂದು ಗಳಿಗೆಗೂ ಜಗತ್ತಿನ ವಿಜ್ಞಾನಿಗಳು ಸಾಲುಗಟ್ಟಿ ಕಾದಿದ್ದಾರೆ. ಸಣ್ಣ ದೂರದರ್ಶಕ ಅಗಲವಾಗಿ ನೋಡುತ್ತದೆ, ಇಷ್ಟಬಂದಾಗ ನೋಡುತ್ತದೆ, ನೋಡಿದ್ದನ್ನೇ ಮತ್ತೆ ನೋಡುತ್ತದೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇ ಮೆಕ್‌ನೀಲ್ ಎಂಬ ಹವ್ಯಾಸಿ, ಮೂರೇ ಅಂಗುಲದ ದೂರದರ್ಶಕದಿಂದ, ಮಹಾವ್ಯಾಧದಲ್ಲಿಯೇ ಇರುವ ಮೆಸಿಯೆ 78ರ ಆಸುಪಾಸನ್ನು ಚಿತ್ರಿಸಿದನು. ಆಗಿನ ನಕ್ಷೆಗಳಲ್ಲಿಲ್ಲದ ಒಂದು ನೀಹಾರಿಕೆ ಅಲ್ಲಿತ್ತು! ಎಳೆಯ ನಕ್ಷತ್ರವೊಂದು ಹಠಾತ್ತನೆ ಉರಿದೆದ್ದು ತನ್ನ ಸುತ್ತಲ ಧೂಳನ್ನು ಬೆಳಗಿತ್ತು. ಆ ಬಳಿಕವೇ ದೊಡ್ಡ ದೂರದರ್ಶಕಗಳು ಅತ್ತ ತಿರುಗಿದುವು. ಅದು ಮಂಕಾಯಿತು, 2008ರಲ್ಲಿ ಮತ್ತೆ ಬೆಳಗಿತು, 2018ರ ಹೊತ್ತಿಗೆ ಮತ್ತೆ ಮರೆಯಾಯಿತು. ಇಂದಿಗೂ ಅದರ ಹೆಸರು ಮೆಕ್‌ನೀಲನ ನೀಹಾರಿಕೆ.

ನೀಹಾರಿಕೆಗಳು ಬದಲಾಗುತ್ತವೆಯೇ ಎಂದು ಹಿಂದಿನವರು ಕೈಚಿತ್ರಗಳನ್ನಿಟ್ಟುಕೊಂಡು ತಲೆಕೆಡಿಸಿಕೊಂಡಿದ್ದರಲ್ಲವೆ? ಬದಲಾಗುವ ನೀಹಾರಿಕೆಯೂ ಉಂಟೆಂಬುದನ್ನು ನಮ್ಮ ಕಾಲದಲ್ಲಿ ಹೀಗೆ ತೋರಿಸಿಕೊಟ್ಟವನೂ ಒಬ್ಬ ಹವ್ಯಾಸಿಯೇ. ಅವನೂ ಆ ರಾತ್ರಿ, "ಇದರ ಒಳ್ಳೆಯ ಪಟ ಆಗಲೇ ಇದೆಯಲ್ಲ" ಎಂದು ಮಲಗಿಬಿಡಬಹುದಾಗಿತ್ತು.

ಇಷ್ಟನ್ನೂ ಮಿತ್ರರಿಗೆ ಹೇಳಬೇಕೆಂದು ಮೊನ್ನೆ ಅವರ ಮನೆಗೆ ಹೋದೆ. ಅವರು ಮಹಡಿಯ ಮೇಲಿದ್ದಾರೆಂದು ಮನೆಯವರು ತಿಳಿಸಿದರು. ಮೋಡ ಸರಿದಿತ್ತು. ನನ್ನ ಉತ್ತರಕ್ಕಾಗಿ ಅವರು ಕಾದಿರಲಿಲ್ಲ.