ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮನೆಯಲ್ಲೇ ಇಂಜೆಕ್ಷನ್: ಒಡೆಯರಪಾಳ್ಯದಲ್ಲಿ ಇದಕ್ಕೆ ಏನೇನು ಬೇಕು?

ಒಂದೇ ಕಾಲು ಊದಿಕೊಂಡಿದೆ, ಮೀನಖಂಡದಲ್ಲಿ ನೋವು, ಮುಟ್ಟಿದರೆ ಬಿಸಿ. ಉಳುಕಿದೆ ಅಂತ ಎಣ್ಣೆ ಹಚ್ಚಿ ತಿಕ್ಕುವವರೇ ಜಾಸ್ತಿ. ಆದ್ರೆ ಇದು ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ 'ಡೀಪ್ ವೇನ್ ಥ್ರಾಂಬೋಸಿಸ್' (ಡಿವಿಟಿ) ಇರಬಹುದು. ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ತಿಕ್ಕಬಾರದು, ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು.

ಯಾರಿಗೆ ಅಪಾಯ?

ಆಪರೇಷನ್ ಆದವರು, ಮೂಳೆ ಮುರಿದು ಮಲಗಿದವರು, ಗರ್ಭಿಣಿಯರು, ಬಾಣಂತಿಯರು, ಕ್ಯಾನ್ಸರ್ ರೋಗಿಗಳು. ಸಿಕಲ್ ಸೆಲ್ ಕಾಯಿಲೆ ಇದ್ದರೂ ಅಪಾಯ ಹೆಚ್ಚು. ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿ ಆ ಕಾಯಿಲೆ ಇರುವುದರಿಂದ ಇದು ಇಲ್ಲಿಗೆ ದೂರದ ಮಾತಲ್ಲ.

ಆಸ್ಪತ್ರೆಯಿಂದ ಮನೆಗೆ

1916ರಲ್ಲಿ ಪತ್ತೆಯಾದ ಹೆಪಾರಿನ್ ಅನ್ನು ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಪದೇ ಪದೇ ರಕ್ತ ಪರೀಕ್ಷೆ ಬೇಕಿದ್ದರಿಂದ ರೋಗಿ ಹಲವು ದಿನ ಆಸ್ಪತ್ರೆಯಲ್ಲೇ ಇರಬೇಕಿತ್ತು. ಎನಾಕ್ಸಪರಿನ್‌ನಂಥ ಹೊಸ ಬಗೆಯ ಹೆಪಾರಿನ್ ಅನ್ನು ಚರ್ಮದಡಿ ಚುಚ್ಚಿದರೆ ಸಾಕು. ಮನೆಯಲ್ಲಿ ಇದನ್ನು ಕೊಟ್ಟರೂ ಆಸ್ಪತ್ರೆಯ ಡ್ರಿಪ್‌ನಷ್ಟೇ ಸುರಕ್ಷಿತ ಅಂತ 1996ರಲ್ಲಿ ಕೆನಡಾ ಮತ್ತು ನೆದರ್ಲೆಂಡ್ಸ್ ವೈದ್ಯರ ಅಧ್ಯಯನಗಳು ತೋರಿಸಿದವು.

ಡೋಸ್ ತೂಕದ ಮೇಲೆ ನಿರ್ಧಾರವಾಗುತ್ತೆ: ಸಾಮಾನ್ಯವಾಗಿ ಕೆಜಿಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ. ಕಿಡ್ನಿ ತೊಂದರೆ ಇದ್ದರೆ ವೈದ್ಯರು ಇದನ್ನು ಬದಲಿಸುತ್ತಾರೆ. ಜೊತೆಗೆ ವಾರ್ಫರಿನ್ ಮಾತ್ರೆ ಶುರುವಾದರೆ, ಕನಿಷ್ಠ 5 ದಿನ ಕಳೆದು, ಐಎನ್‌ಆರ್ ರಕ್ತ ಪರೀಕ್ಷೆಯಲ್ಲಿ ಅಂಕಿ 2 ದಾಟಿ ನಿಂತ ಮೇಲೆ ಇಂಜೆಕ್ಷನ್ ನಿಲ್ಲುತ್ತೆ. ಒಟ್ಟು ಚಿಕಿತ್ಸೆ ಕನಿಷ್ಠ 3 ತಿಂಗಳು. ಈಗ ಮೊದಲ ದಿನದಿಂದಲೇ ನುಂಗುವ ರಿವರಾಕ್ಸಬಾನ್‌ನಂಥ ಮಾತ್ರೆಗಳೂ ಇವೆ. ಆದ್ರೆ ಗರ್ಭಿಣಿಯರಿಗೆ ಇಂಜೆಕ್ಷನ್ನೇ ಗತಿ. ಅದು ಮಾಸು ದಾಟಿ ಮಗುವನ್ನು ಮುಟ್ಟಲ್ಲ.

ಚುಚ್ಚುವುದು ಹೇಗೆ?

ಹೊಕ್ಕುಳಿನಿಂದ 5 ಸೆಂ.ಮೀ. ದೂರದಲ್ಲಿ ಹೊಟ್ಟೆಯ ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರವಾಗಿ ಇಳಿಸಬೇಕು. ದಿನಾ ಜಾಗ ಬದಲಿಸಿ. ಚುಚ್ಚಿದ ಮೇಲೆ ಉಜ್ಜಬೇಡಿ. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿಡಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು.

ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿದಾಗ ರಕ್ತ, ಕಪ್ಪು ಮಲ, ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು: ಇವುಗಳಲ್ಲಿ ಯಾವುದೇ ಆದರೂ ಕಾಯಬೇಡಿ, 108ಕ್ಕೆ ಕರೆ ಮಾಡಿ.

'ಮನೆ' ಅಂದ್ರೆ ಯಾವ ಮನೆ?

ಮನೆ ಚಿಕಿತ್ಸೆಯ ಲೆಕ್ಕಾಚಾರ ಹಾಕಿದ್ದು ಫೋನ್ ಮಾಡಿದರೆ ನರ್ಸ್ ಬರುವ ಊರುಗಳಲ್ಲಿ. ಹನೂರು ತಾಲೂಕಿನ ಒಡೆಯರಪಾಳ್ಯ ಕಾಡಂಚಿನ ಊರು. ಇಲ್ಲಿ ಹಳ್ಳಿಗಳ ಜೊತೆಗೆ ಸೋಲಿಗರ ಪೋಡುಗಳಿವೆ, ಟಿಬೆಟನ್ ನಿರಾಶ್ರಿತರ ಶಿಬಿರವೂ ಇದೆ. ಉಸಿರು ಕಟ್ಟಿದವರನ್ನು ರಾತ್ರಿ ಹೊತ್ತು ದೊಡ್ಡಾಸ್ಪತ್ರೆಗೆ ಸಾಗಿಸಲು ವಾಹನ ಸಿಗುತ್ತಾ ಅನ್ನೋದೂ ಚಿಕಿತ್ಸೆಯ ಭಾಗವೇ.

ಎನಾಕ್ಸಪರಿನ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದರೆ ಸಾಲದು, ಹತ್ತಿರದ ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲೂ ಇರಬೇಕು. ತಾಲೂಕು ಮಟ್ಟದಲ್ಲಿ ಡಾಪ್ಲರ್ ಸ್ಕ್ಯಾನ್ ಮತ್ತು ಐಎನ್‌ಆರ್ ಪರೀಕ್ಷೆ, ಮೊದಲ ದಿನಗಳಲ್ಲಿ ಚುಚ್ಚಿ ಕಲಿಸಲು ಉಪಕೇಂದ್ರದ ಆರೋಗ್ಯ ಸಿಬ್ಬಂದಿ, ತುರ್ತಿಗೆ ಆಂಬುಲೆನ್ಸ್ ಬೇಕು. ಇವಿಲ್ಲದೆ 'ಮನೆಗೆ ಹೋಗಿ ಚುಚ್ಚಿಕೊಳ್ಳಿ' ಅಂದರೆ ಆಸ್ಪತ್ರೆಯ ಕೆಲಸವನ್ನು ಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟಿದಂತೆ. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಹೆಸರಿಟ್ಟು ಕೇಳಬೇಕಾದ್ದು ಇವನ್ನೇ.